ಆ 16 ಎಂಬಿ ಪಾರ್ಟಿಷನ್: ಎಲ್‌ವಿಎಂ ಬಳಸಿ ಆರು ವರ್ಷ

ಎಲ್‌ವಿಎಂ ಅಂದರೆ ಲಿನಕ್ಸಿನಲ್ಲಿ ಡಿಸ್ಕುಗಳನ್ನು ಒಂದು ಗ್ರೂಪಾಗಿ ಸೇರಿಸಿ, ಅದರಿಂದ ಬೇಕಾದಷ್ಟು ಜಾಗವನ್ನು ವಾಲ್ಯೂಮ್ ಆಗಿ ಹಂಚುವ ವ್ಯವಸ್ಥೆ. ಅದರಲ್ಲಿ ಫಿಸಿಕಲ್ ವಾಲ್ಯೂಮ್ ಯಾವುದು, ವಾಲ್ಯೂಮ್ ಗ್ರೂಪ್ ಯಾವುದು ಅಂತ ಹೇಳಿಕೊಡುವ ಬರಹಗಳು ಬೇಕಾದಷ್ಟಿವೆ. ನಾನು ಅದಕ್ಕೆ ಕೈ ಹಾಕುವುದಿಲ್ಲ. ನನ್ನ ತಕರಾರು ಒಂದೇ. ಖಾಲಿ ಡಿಸ್ಕನ್ನು ಪಾರ್ಟಿಷನ್ (ಭಾಗ) ಮಾಡದೆ ಇಡಿಯಾಗಿ ಕೊಟ್ಟರೂ, ಡಿಸ್ಕನ್ನು ಎಲ್‌ವಿಎಂಗೆ ಸಿದ್ಧ ಮಾಡುವ ಪಿವಿಕ್ರಿಯೇಟ್ ಕಮಾಂಡ್ ಬೇಡ ಅನ್ನುವುದಿಲ್ಲ. ಆಯ್ತು ಅಂತ ಒಂದು ಸಾಲು ತೋರಿಸಿ ಸುಮ್ಮನಾಗುತ್ತದೆ. ಅದರಿಂದಾಗಿ 2024ರ ಜನವರಿಯಲ್ಲಿ ನನಗೆ ಎರಡು ದಿನ ಅನ್ನ ಸೇರಲಿಲ್ಲ.

ನಮ್ಮದು ಉಡುಪಿ. ಅಪ್ಪನಿಗೆ ಆಟದ, ಅಂದರೆ ಯಕ್ಷಗಾನದ ಹುಚ್ಚು, ಅದಕ್ಕಿಂತ ಜಾಸ್ತಿ ಕೂಟದ, ಅಂದರೆ ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಲೆಯ ಹುಚ್ಚು. ತಾಳಮದ್ದಲೆ ಎಲ್ಲೇ ಇರಲಿ, ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದರು. ಆಮೇಲೆ ನಾನು ಒಂದು ಮಿನಿಡಿವಿ ಕ್ಯಾಮೆರಾ ತಗೊಂಡು ರಾತ್ರಿಯಿಡೀ ಆಟ ಹಿಡಿದಿಟ್ಟೆ. ಇದೆಲ್ಲ ಎರಡು ಟ್ರಂಕಿನಲ್ಲಿ ಬಿದ್ದಿತ್ತು. ನಮ್ಮೂರ ಮಳೆಗಾಲ ಗೊತ್ತಲ್ವಾ? ಚಪ್ಪಲಿಯನ್ನೇ ಬಿಡುವುದಿಲ್ಲ, ಟೇಪನ್ನು ಬಿಡುತ್ತದೆಯೇ. ಬೂಷ್ಟು ಹಿಡಿಯಲು ಶುರುವಾಗಿತ್ತು. 2020ರ ಲಾಕ್‌ಡೌನಿನಲ್ಲಿ ಮನೆಯಲ್ಲೇ ಇದ್ದೆನಲ್ಲ, ಒಂದೊಂದೇ ಕಂಪ್ಯೂಟರಿಗೆ ಇಳಿಸತೊಡಗಿದೆ.

ಲೆಕ್ಕ ಹೀಗೆ. ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ ಕಂಪ್ರೆಸ್ ಮಾಡದೆ ಇಳಿಸಿದರೆ ಸುಮಾರು 900 ಎಂಬಿ. ಮಿನಿಡಿವಿ ಒಂದು ಗಂಟೆಗೆ 13 ಜಿಬಿ. ಚೌಕಿಪೂಜೆಯಿಂದ ಮಂಗಳದವರೆಗೆ ಒಂದು ಆಟ ಅಂದರೆ ಎಂಟು ಟೇಪು, 100 ಜಿಬಿ ಮೀರುತ್ತದೆ. ಒಂದೇ ಸಲ ದೊಡ್ಡ ಸ್ಟೋರೇಜ್ ಪೆಟ್ಟಿಗೆ ತರುವ ಬಜೆಟ್ ನನ್ನದಲ್ಲ. ಹಳೆ ಕಂಪ್ಯೂಟರಿನಲ್ಲಿ 1 ಟಿಬಿ ಇತ್ತು, ಮರುವರ್ಷ 2 ಟಿಬಿ ತಂದೆ. ಎಲ್‌ವಿಎಂ ನನಗೆ ಇಷ್ಟವಾದದ್ದು ಅಲ್ಲೇ. ಹೊಸ ಡಿಸ್ಕನ್ನು ಗ್ರೂಪಿಗೆ ಸೇರಿಸಿ, ವಾಲ್ಯೂಮನ್ನು ಎಳೆದು ದೊಡ್ಡದು ಮಾಡಿದರೆ ಮುಗಿಯಿತು. ಫೋಲ್ಡರು ಇದ್ದಲ್ಲೇ ಇರುತ್ತದೆ. ಅಪ್ಪ ಕರ್ಣಪರ್ವ ಕೇಳುತ್ತಿದ್ದಾಗಲೇ ನಾನು ಹಿಂದಿನಿಂದ ಜಾಗ ಹೆಚ್ಚಿಸಿದ್ದೇನೆ. ಅವರಿಗೆ ಗೊತ್ತೇ ಆಗಲಿಲ್ಲ.

2022ರಲ್ಲಿ ಒಂದು 4 ಟಿಬಿ ಡಿಸ್ಕು ಮತ್ತು ಯುಎಸ್‌ಬಿ ಡಾಕ್ ಬಂತು. ವಿಡಿಯೋ ಎಲ್ಲ ಅದಕ್ಕೆ, ಬೇರೆಯೇ ಗ್ರೂಪ್. ಅವತ್ತು ನನಗೆ ಅವಸರ. ಡಿಸ್ಕ್ ಪೂರ್ತಿ ಎಲ್‌ವಿಎಂಗೇ ಅಲ್ವಾ, ಪಾರ್ಟಿಷನ್ ಯಾಕೆ ಅಂತ ಇಡೀ ಡಿಸ್ಕಿನ ಮೇಲೆ ಪಿವಿಕ್ರಿಯೇಟ್ ಓಡಿಸಿದೆ. ಎರಡು ವರ್ಷ ಒಂದು ಕೆಮ್ಮೂ ಇಲ್ಲದೆ ನಡೆಯಿತು.

2024ರ ಜನವರಿ 18 ಪುತ್ತಿಗೆ ಪರ್ಯಾಯ. ಮನೆ ತುಂಬ ನೆಂಟರು, ಮುಂಬೈಯಿಂದ ಭಾವ ಕೂಡ. ಮೆರವಣಿಗೆ ನೋಡಿ ಬಂದು ನಾನು ಮಲಗಿದ್ದೆ. ಭಾವನಿಗೆ ಹಳೆಯ ಆಟ ನೋಡುವ ಆಸೆ. ಡಾಕಿನ ವೈರನ್ನು ತಮ್ಮ ಲ್ಯಾಪ್‌ಟಾಪಿಗೆ ಚುಚ್ಚಿದರು. ಅದರಲ್ಲಿ ಲಿನಕ್ಸ್ ಇಲ್ಲ, ವಿಂಡೋಸ್. ಪಾರ್ಟಿಷನ್ ಟೇಬಲ್ಲೇ (ಡಿಸ್ಕಿನ ಭಾಗಗಳ ಪಟ್ಟಿ) ಇಲ್ಲದ ಡಿಸ್ಕು ಅದರ ಕಣ್ಣಿಗೆ ಅಂಗಡಿಯಿಂದ ಈಗ ತಂದ ಖಾಲಿ ಡಿಸ್ಕು. ಇದನ್ನು ಇನಿಷಿಯಲೈಸ್ ಮಾಡಲೇ, ಅಂದರೆ ಹೊಸ ಟೇಬಲ್ ಬರೆಯಲೇ ಅಂತ ಕೇಳಿದೆ. ಭಾವ ಓಕೆ ಒತ್ತಿದ್ದಾರೆ.

"ಭಾವ, ಇದು ಹೊಸ ಡಿಸ್ಕಾ? ಒಳಗೆ ಎಂತದ್ದೂ ಇಲ್ಲ ಮಾರಾಯ್ರೆ" ಅಂದರು, ನಾನು ಎದ್ದು ಬಂದಾಗ.

ನನ್ನ ಕಂಪ್ಯೂಟರಿಗೆ ಹಾಕಿ, ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಕೊಟ್ಟೆ. ಡಿಸ್ಕಿನ ಕೆಳಗೆ ನಾನು ಮಾಡದ ಒಂದು ಪಾರ್ಟಿಷನ್, 16 ಎಂಬಿ. ನನ್ನ ಗ್ರೂಪಿನ ಹೆಸರು ಎಲ್ಲೂ ಇಲ್ಲ. ಎದೆ ಧಸಕ್ಕೆಂದಿತು. ಆ ಟೇಪುಗಳಲ್ಲಿ ಅರ್ಧಕ್ಕರ್ಧ ಇನ್ನು ಓಡುವುದಿಲ್ಲ, ಬೂಷ್ಟು ತಿಂದಾಗಿದೆ. ಬೈಯುವುದು ಯಾರನ್ನು? ಭಾವನನ್ನು ಬೈಯುವ ಹಾಗಿಲ್ಲ, ಅತ್ತೆ ಅಲ್ಲೇ ಕೂತಿದ್ದರು. ಎಲ್‌ವಿಎಂಗೇ ಬೈದೆ.

ಇಲ್ಲಿಂದ ನನ್ನ ಸಿಟ್ಟು ಸ್ವಲ್ಪ ಇಳಿಯುತ್ತದೆ.

ಏನಾಗಿತ್ತೆಂದರೆ, ಎಲ್‌ವಿಎಂ ತನ್ನ ಗುರುತನ್ನು ಸಾಮಾನ್ಯವಾಗಿ ಡಿಸ್ಕಿನ ಎರಡನೇ ಸೆಕ್ಟರಿನಲ್ಲಿ ಬರೆಯುತ್ತದೆ. ವಿಂಡೋಸ್ ಬರೆದದ್ದು ಜಿಪಿಟಿ ಅನ್ನುವ ಬಗೆಯ ಪಾರ್ಟಿಷನ್ ಟೇಬಲ್, ಅದರ ತಲೆಬರಹ ಕೂರುವುದೂ ಅದೇ ಎರಡನೇ ಸೆಕ್ಟರಿನಲ್ಲಿ. ಹಾಗಾಗಿ ಗುರುತು ಅಳಿಸಿತು. ಆದರೆ ಜಿಪಿಟಿಗೆ ಬೇಕಾದದ್ದು ಮೊದಲ 34 ಸೆಕ್ಟರ್, ಅಂದರೆ 17 ಕೆಬಿ ಅಷ್ಟೆ. ನನ್ನ ಡೇಟಾ ಶುರುವಾಗುವುದು 1 ಎಂಬಿ ಆದ ಮೇಲೆ. ಆ 16 ಎಂಬಿ ಪಾರ್ಟಿಷನ್ ವಿಂಡೋಸ್ ತನಗೆ ಅಂತ ಟೇಬಲ್ಲಿನಲ್ಲಿ ಗುರುತು ಹಾಕಿಕೊಂಡ ಜಾಗ, ಒಳಗೆ ಏನೂ ಬರೆದಿರಲಿಲ್ಲ. ಗೇಟಿನ ನಾಮಫಲಕ ಹೋಗಿತ್ತು, ಮನೆಗೆ ಏನೂ ಆಗಿರಲಿಲ್ಲ. ಜಿಪಿಟಿ ಡಿಸ್ಕಿನ ಕೊನೆಯಲ್ಲೂ ತನ್ನ ಒಂದು ನಕಲು ಬರೆಯುತ್ತದೆ. ಕೊನೆಯ 200 ಜಿಬಿಯನ್ನು ನಾನು ಯಾವ ವಾಲ್ಯೂಮಿಗೂ ಕೊಟ್ಟಿರಲಿಲ್ಲ. ಅದು ಜಾಣತನ ಅಲ್ಲ, ಸೋಮಾರಿತನ. ಅವತ್ತು ಅದೇ ಕಾಪಾಡಿತು.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಗ್ರೂಪಿನಲ್ಲಿ ಏನೇ ಬದಲಾದರೂ ಎಲ್‌ವಿಎಂ ಅದರ ನಕ್ಷೆಯನ್ನು ಕಂಪ್ಯೂಟರಿನ ಇಟಿಸಿ ಫೋಲ್ಡರಿನ ಒಳಗೆ, ತನ್ನ ಬ್ಯಾಕಪ್ ಜಾಗದಲ್ಲಿ ಬರೆದಿಡುತ್ತದೆ. ಹಳೆಯ ನಕ್ಷೆಗಳು ಪಕ್ಕದ ಆರ್ಕೈವಿನಲ್ಲಿ ಸಿಗುತ್ತವೆ. ಎಲ್ಲ ಸಾದಾ ಅಕ್ಷರ, ಯಾವ ಎಡಿಟರಿನಲ್ಲೂ ಓದಬಹುದು. ತೆರೆದು ನೋಡಿದೆ. ಡಿಸ್ಕಿನ ಯುಯುಐಡಿ, ಅಂದರೆ ಉದ್ದನೆಯ ಗುರುತಿನ ಸಂಖ್ಯೆ ಇತ್ತು. ಎಷ್ಟನೇ ತುಂಡಿನಿಂದ ಯಾವ ವಾಲ್ಯೂಮ್ ಶುರು ಅಂತ ಇತ್ತು. ಲಿನಕ್ಸ್ ಡಿಸ್ಕಿಗೆ ಕೊಟ್ಟಿದ್ದ ಹೆಸರು ಎಸ್‌ಡಿಬಿ ಅಂತ ಬರೆದು, ಪಕ್ಕದಲ್ಲಿ ಇದು ಬರೀ ಸುಳಿವು ಅಂತ ಒಂದು ಟಿಪ್ಪಣಿ. ಆ ಟಿಪ್ಪಣಿ ಬರೆದವರಿಗೆ ಒಂದು ಲೋಟ ಕಾಫಿ ಕೊಡಬೇಕು ಅನಿಸಿತು. ಯಾಕೆಂದರೆ ಅವತ್ತು ಡಿಸ್ಕು ಎಸ್‌ಡಿಬಿ ಆಗಿರಲಿಲ್ಲ, ಎಸ್‌ಡಿಸಿ ಆಗಿತ್ತು.

ಮೊದಲು ಡಿಸ್ಕಿನ ಆರಂಭದ 10 ಎಂಬಿಯನ್ನು ಬೇರೆ ಕಡೆ ಕಾಪಿ ಮಾಡಿಟ್ಟೆ. ಪೂರ್ತಿ ಕಾಪಿ ತೆಗೆಯುವುದೇ ಸರಿ, ಆದರೆ ಅಷ್ಟು ಜಾಗ ಎಲ್ಲಿಂದ ತರಲಿ. ಆಮೇಲೆ ವೈಪ್‌ಎಫ್‌ಎಸ್ ಕೊಟ್ಟು ಜಿಪಿಟಿ ಗುರುತುಗಳನ್ನು ಒರೆಸಿದೆ, ಡಾಕ್ ಕಳಚಿ ಮತ್ತೆ ಹಾಕಿದೆ. ಹಳೆಯ ಯುಯುಐಡಿ ಮತ್ತು ಆ ನಕ್ಷೆಯ ಫೈಲನ್ನು ಕೊಟ್ಟು ಪಿವಿಕ್ರಿಯೇಟ್, ಅದರ ಹಿಂದೆ ನಕ್ಷೆಯನ್ನು ಡಿಸ್ಕಿಗೆ ಮತ್ತೆ ಬರೆಯುವ ವಿಜಿಸಿಎಫ್‌ಜಿರಿಸ್ಟೋರ್. ಗ್ರೂಪ್ ಎದ್ದು ಕೂತಿತು. ಫೈಲ್ ಸಿಸ್ಟಮ್ ಪರೀಕ್ಷಿಸುವ ಎಫ್‌ಎಸ್‌ಸಿಕೆಯನ್ನು ಬರೆಯದೆ ಬರೀ ನೋಡುವ ಹಾಗೆ ಓಡಿಸಿದೆ, ತಪ್ಪು ಸಿಗಲಿಲ್ಲ. ಮೌಂಟ್ ಮಾಡಿ ಒಂದು ಫೈಲ್ ತೆರೆದೆ. ಚೆಂಡೆ ಕೇಳಿತು. ಒಳಗಿನಿಂದ ಅಪ್ಪ, "ಇದು ಯಾವ ಪ್ರಸಂಗ?" ಅಂದರು.

ಈಗ ಪ್ರತಿ ಹೊಸ ಡಿಸ್ಕಿಗೂ ನನ್ನದೊಂದು ಕ್ರಮ ಇದೆ. ಭಾನುವಾರ ಬೆಳಿಗ್ಗೆಯೇ ಮಾಡುವುದು, ಬನ್ಸ್ ತಿಂದು ಕೈ ತೊಳೆದ ಮೇಲೆ. ಡಿಸ್ಕ್ ಹಾಕುವ ಮುಂಚೆ ಒಮ್ಮೆ ಎಲ್‌ಎಸ್‌ಬಿಎಲ್‌ಕೆ, ಹಾಕಿದ ಮೇಲೆ ಮತ್ತೊಮ್ಮೆ. ಹೊಸದಾಗಿ ಬಂದ ಸಾಲು ಯಾವುದೋ ಅದೇ ನನ್ನ ಡಿಸ್ಕ್. ಅಷ್ಟಕ್ಕೂ ನಂಬುವುದಿಲ್ಲ. ಡಿಸ್ಕಿನ ಬೆನ್ನಿಗೆ ಬಿಳಿ ಟೇಪ್ ಹಚ್ಚಿ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಬರೆದಿರುತ್ತೇನೆ, ಅದನ್ನು ಸ್ಕ್ರೀನಿನ ನಂಬರಿನ ಜೊತೆ ಗಟ್ಟಿಯಾಗಿ ಓದಿ ನೋಡುತ್ತೇನೆ. ಹೆಂಡತಿ ನಗುತ್ತಾಳೆ, ಮಂತ್ರ ಶುರುವಾಯ್ತು ಅಂತ. ಆಮೇಲೆ ವೈಪ್‌ಎಫ್‌ಎಸ್, ಯಾವ ಆಪ್ಷನ್ನೂ ಇಲ್ಲದೆ. ಹಾಗೆ ಕೊಟ್ಟರೆ ಅದು ಅಳಿಸುವುದಿಲ್ಲ, ಡಿಸ್ಕಿನಲ್ಲಿ ಯಾವ ಹಳೆ ಗುರುತು ಉಳಿದಿದೆ ಅಂತ ತೋರಿಸುತ್ತದೆ ಅಷ್ಟೆ. ನೋಡಿ ಸಮಾಧಾನ ಆದರೆ ಮಾತ್ರ ಅಳಿಸುವುದು. ನಂತರ ಜಿಪಿಟಿ ಟೇಬಲ್, 1 ಎಂಬಿಯಿಂದ ಶುರುವಾಗುವ ಒಂದೇ ಪಾರ್ಟಿಷನ್, ಅದರ ಬಗೆ ಲಿನಕ್ಸ್ ಎಲ್‌ವಿಎಂ. ಆ ಬಗೆಯ ಕೋಡ್, ಜಿಡಿಸ್ಕ್ ಅನ್ನುವ ಟೂಲಿನಲ್ಲಾದರೆ 8ಇ00, ಹಳೆಯ ಎಂಬಿಆರ್ ಟೇಬಲ್ಲಿನಲ್ಲಾದರೆ 8ಇ. ಎಂಬಿಆರ್ 2 ಟಿಬಿಯ ಆಚೆ ಹೋಗುವುದಿಲ್ಲ, ನನಗೆ ಆ ಯೋಚನೆಯೇ ಬೇಡ. ಕೊನೆಗೆ ಪಿವಿಕ್ರಿಯೇಟ್. ಇಡೀ ಡಿಸ್ಕಾದ ಎಸ್‌ಡಿಸಿ ಮೇಲೆ ಅಲ್ಲ, ಅದರ ಮೊದಲ ಪಾರ್ಟಿಷನ್ ಎಸ್‌ಡಿಸಿ1 ಮೇಲೆ. ಆ ಒಂದು ಅಂಕೆ ಟೈಪ್ ಮಾಡಿ ಎಂಟರ್ ಒತ್ತುವ ಮುಂಚೆ ಕೈ ತೆಗೆದು ಒಂದು ಗುಟುಕು ಚಹಾ ಕುಡಿಯುತ್ತೇನೆ.

ಮಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಗೆಳೆಯನೊಬ್ಬ ಇದಕ್ಕೆ ಒಪ್ಪುವುದಿಲ್ಲ. ಅವನದೆಲ್ಲ ವರ್ಚುವಲ್ ಯಂತ್ರ. ಅಲ್ಲಿ ಡಿಸ್ಕ್ ದೊಡ್ಡದು ಮಾಡಿದರೆ ಇಡೀ ಡಿಸ್ಕಿನ ಮೇಲೆ ಒಂದು ಪಿವಿರಿಸೈಜ್ ಸಾಕು, ಪಾರ್ಟಿಷನ್ ಇದ್ದರೆ ಅದನ್ನೂ ಎಳೆಯುವ ತಲೆನೋವು ಅನ್ನುತ್ತಾನೆ. ಅವನ ಮಟ್ಟಿಗೆ ಸರಿ. ಅವನ ಸರ್ವರಿಗೆ ಭಾವಂದಿರು ವೈರ್ ಚುಚ್ಚುವುದಿಲ್ಲ.

ಹಳೆಯ 4 ಟಿಬಿಯ ತಪ್ಪನ್ನು ಸರಿ ಮಾಡಲು ಇನ್ನೊಂದು 4 ಟಿಬಿ ತರಬೇಕಾಯಿತು, ಅದು ಜೇಬಿಗೆ ಬಿದ್ದ ದಂಡ. ಹೊಸದನ್ನು ಮೇಲಿನ ಕ್ರಮದಲ್ಲೇ ತಯಾರು ಮಾಡಿ ಗ್ರೂಪಿಗೆ ಸೇರಿಸಿ ಪಿವಿಮೂವ್ ಕೊಟ್ಟೆ. ಫೈಲುಗಳನ್ನು ಬಳಸುತ್ತಿರುವಾಗಲೇ ಅದು ಡೇಟಾವನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಜೂನ್ ತಿಂಗಳು, ಜಡಿಮಳೆ. ನಡುರಾತ್ರಿ ಕರೆಂಟ್ ಹೋಯಿತು, ಇನ್ವರ್ಟರೂ ಕೈಕೊಟ್ಟಿತು. ಕತ್ತಲಲ್ಲಿ ಕೂತು ಮತ್ತೆ ಎದೆ ಡವಡವ. ಬೆಳಿಗ್ಗೆ ಯಂತ್ರ ಎಬ್ಬಿಸಿ ಪಿವಿಮೂವ್ ಅಂತ ಬರೀ ಅಷ್ಟೇ ಟೈಪ್ ಮಾಡಿದೆ. ನಿಲ್ಲಿಸಿದಲ್ಲಿಂದ ಮುಂದುವರಿಸಿತು. ಅವತ್ತು ಇದಕ್ಕೆ ಬೈದದ್ದನ್ನೆಲ್ಲ ವಾಪಸ್ ತಗೊಂಡೆ.

ಎಲ್‌ವಿಎಂಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಇದನ್ನೇ ಬ್ಯಾಕಪ್ ಅಂದುಕೊಂಡರೆ ಮಾತ್ರ ಕೆಟ್ಟಿರಿ. ಎರಡು ಡಿಸ್ಕಿನ ಮೇಲೆ ಹರಡಿದ ವಾಲ್ಯೂಮಿನಲ್ಲಿ ಒಂದು ಡಿಸ್ಕ್ ಸತ್ತರೆ ಇಡೀ ವಾಲ್ಯೂಮೇ ತೊಂದರೆಗೆ ಬೀಳುತ್ತದೆ. ವಾಲ್ಯೂಮಿಗೆ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಹಾಕಿದ್ದರೆ ಮತ್ತೆ ಚಿಕ್ಕದು ಮಾಡುವ ಆಸೆ ಬಿಡಿ, ನಾನು ಎಕ್ಸ್‌ಟಿ4ನಲ್ಲೇ ಇದ್ದೇನೆ.

2026ರ ಜನವರಿಯ ಶಿರೂರು ಪರ್ಯಾಯಕ್ಕೂ ಭಾವ ಬಂದಿದ್ದರು. ನಾನೇ ಡಾಕ್ ತಂದು ಅವರ ಲ್ಯಾಪ್‌ಟಾಪಿಗೆ ಚುಚ್ಚಿದೆ. ಇಬ್ಬರೂ ಸ್ಕ್ರೀನ್ ನೋಡುತ್ತ ಕೂತೆವು. ಒಂದು ನಿಮಿಷ ಆಯಿತು.

"ಎಂತದ್ದೂ ಕೇಳುವುದಿಲ್ಲ ಅಲ್ವಾ ಭಾವ?" ಅಂದರು.

"ಇಲ್ಲ" ಅಂದೆ. ವೈರ್ ಕಿತ್ತು ನನ್ನ ಕಂಪ್ಯೂಟರಿಗೆ ಹಾಕಿ ಅವರಿಗೆ ಬೇಕಿದ್ದ ಆಟ ಹಚ್ಚಿಕೊಟ್ಟೆ.