ನಾನ್ ಅಟೆಂಡಿಂಗ್ ನರ್ಸಿಂಗ್ ಸೀಟಿಗೆ ನಾನು ಕೊಟ್ಟ 1,65,000 ರೂಪಾಯಿ

ಕಾರವಾರ, ಅಂಕೋಲಾ, ಕುಮಟಾ ಕಡೆ ಯಾರಾದರೂ ಈಗಿರುವ ಕೆಲಸ ಬಿಟ್ಟು ನರ್ಸಿಂಗ್ ಸೇರಬೇಕು ಅಂತಿದ್ದರೆ, ಅದರಲ್ಲೂ ಮಾರ್ಕ್ಸ್ ಕಡಿಮೆ ಅನ್ನೋ ಅಳುಕು ಇದ್ದರೆ, ಏಜೆಂಟ್ ಕೈಗೆ ದುಡ್ಡು ಕೊಡುವ ಮೊದಲು ಇದನ್ನು ಓದಿ.

ನನ್ನದು ಪಿಯುಸಿ ಕಾಮರ್ಸ್, ಶೇ. 47. ಬಿಕಾಂನಲ್ಲೂ ಒಂದು ಪೇಪರ್ ಮತ್ತೆ ಕಟ್ಟಿ ಪಾಸಾದವಳು. ಆರು ವರ್ಷ ಕಾರವಾರದ ಒಂದು ಫೈನಾನ್ಸ್ ಆಫೀಸಿನಲ್ಲಿ ಬಂಗಾರದ ಸಾಲದ ಕೌಂಟರಿನಲ್ಲಿ ಕೂತಿದ್ದೆ. ಆಯಿಗೆ ಸ್ಟ್ರೋಕ್ ಆಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಾಗ ಅಲ್ಲಿನ ಒಬ್ಬ ಸಿಸ್ಟರ್ ರಾತ್ರಿಯಿಡೀ ಎರಡು ಗಂಟೆಗೊಮ್ಮೆ ಬಂದು ಮಗ್ಗುಲು ಬದಲಿಸುತ್ತಿದ್ದರು. ‘ಹೀಗೇ ಮಲಗಿಸಿಟ್ರೆ ಬೆನ್ನಿಗೆ ಹುಣ್ಣಾಗ್ತದೆ, ನೀನೂ ಕಲ್ತ್ಕೋ’ ಅಂತ ನನಗೂ ತೋರಿಸಿಕೊಟ್ಟರು. ಮನೆಗೆ ಬಂದ ಮೇಲೆ ಆಯಿಯನ್ನು ಆ ಥರ ತಿರುಗಿಸುವಾಗೆಲ್ಲ ಇದೇ ನನಗೆ ಸರಿಯಾದ ಕೆಲಸ ಅನ್ನಿಸತೊಡಗಿತು. ಆಗ ನನಗೆ 29.

ಚಿಕ್ಕಮ್ಮನ ಪರಿಚಯದವರೊಬ್ಬರು ಕುಮಟಾದಲ್ಲಿ ಅಡ್ಮಿಶನ್ ಮಾಡಿಸ್ತಾರೆ ಅಂತ ಗೊತ್ತಾಯಿತು. ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ. ನನ್ನ ಮಾರ್ಕ್ಸ್ ಕಾರ್ಡ್ ನೋಡಿ ತಲೆ ಅಲ್ಲಾಡಿಸಿದ. ‘ತಂಗೀ, ಕಾಮರ್ಸು, ಅದೂ ಈ ಮಾರ್ಕ್ಸು. ಸರಿಯಾದ ದಾರೀಲಿ ಹೋದ್ರೆ ಎಲ್ಲೂ ಸೀಟಿಲ್ಲ. ಸೈನ್ಸ್ ಬೇಕು, 45 ಪರ್ಸೆಂಟ್ ಬೇಕು. ಬೆಂಗಳೂರಲ್ಲಿ ನನಗೆ ಮ್ಯಾನೇಜ್‌ಮೆಂಟ್ ಗೊತ್ತು, ಜಿಎನ್ಎಂಗೆ ಹೊಂದಿಸಿ ಕೊಡ್ತೇನೆ.’

ಇಲ್ಲೇ ನಾನು ಮೋಸ ಹೋದದ್ದು. ಅವನು ಹೇಳಿದ್ದರಲ್ಲಿ ಅರ್ಧ ನಿಜ. ಬಿಎಸ್ಸಿ ನರ್ಸಿಂಗಿಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಬೇಕು, ಸಾಮಾನ್ಯ ವರ್ಗದವರಿಗೆ ಶೇ. 45 ಬೇಕು. ಆದರೆ ಮೂರು ವರ್ಷದ ಡಿಪ್ಲೊಮಾ, ಅಂದರೆ ಜಿಎನ್ಎಂಗೆ ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮದ ಪ್ರಕಾರ ಯಾವ ವಿಭಾಗದ ಪಿಯುಸಿ ಆದರೂ ನಡೆಯುತ್ತದೆ. ಶೇ. 40 ಸಾಕು, ಇಂಗ್ಲಿಷ್ ಪಾಸಾಗಿರಬೇಕು. ನನಗೆ ಆ ಸೀಟು ನೇರವಾಗಿ ಸಿಗುತ್ತಿತ್ತು. ಅವನು ಬಿಎಸ್ಸಿಯ ನಿಯಮ ಹೇಳಿ ಹೆದರಿಸಿ ಜಿಎನ್ಎಂ ಸೀಟು ಮಾರಿದ. ನಾನು ಯಾಕೆ ಯಾರನ್ನೂ ಕೇಳಲಿಲ್ಲ? ಮಾರ್ಕ್ಸ್ ಎಷ್ಟು ಅಂತ ಇನ್ನೊಬ್ಬರ ಎದುರು ಹೇಳೋಕೆ ನಾಚಿಕೆ, ಅಷ್ಟೇ.

ಮೇಲಿಂದ ಇನ್ನೊಂದು ಆಸೆ ತೋರಿಸಿದ. ‘ನಾನ್ ಅಟೆಂಡಿಂಗ್ ಮಾಡಿಸ್ತೇನೆ. ಕೆಲಸ ಬಿಡೋದೇ ಬೇಡ, ಪರೀಕ್ಷೆಗೆ ಮಾತ್ರ ಬಾ.’ ಸೂಜಿ ಚುಚ್ಚೋದನ್ನು, ಗಾಯ ಕಟ್ಟೋದನ್ನು ಮನೆಯಲ್ಲಿ ಕೂತು ಹೇಗೆ ಕಲಿಯೋದು ಅಂತ ನನಗೆ ಆಗಲೇ ಹೊಳೀಬೇಕಿತ್ತು. ಜಿಎನ್ಎಂಗೆ ಶೇ. 80 ಹಾಜರಿ ಬೇಕು. ಪ್ರಾಕ್ಟಿಕಲ್ ಅಂತೂ ನೂರಕ್ಕೆ ನೂರು ಮುಗಿಸದೆ ಸರ್ಟಿಫಿಕೇಟ್ ಕೊಡುವ ಹಾಗೇ ಇಲ್ಲ. ಇದೆಲ್ಲ ಆಮೇಲೆ ಗೊತ್ತಾಗಿದ್ದು. ಆಗ ಬೇಕಾಗಿದ್ದು ಸಂಬಳ ನಿಲ್ಲಬಾರದು ಅನ್ನೋದು ಮಾತ್ರ, ಹಾಗಾಗಿ ನಂಬಿದೆ.

ಮೊದಲು 25,000 ಬುಕಿಂಗು. ಆಮೇಲೆ 90,000. ಆಮೇಲೆ ರಿಜಿಸ್ಟ್ರೇಶನ್ ಅಂತ 50,000. ಕೊನೆಯದಕ್ಕೆ ಎರಡು ಬಳೆ ಅಡವಿಟ್ಟೆ, ಅದೂ ನಾನೇ ಕೂರುವ ಕೌಂಟರಿನಲ್ಲಿ! ಎಲ್ಲವೂ ಅವನ ಹೆಂಡತಿಯ ಖಾತೆಗೆ ಯುಪಿಐ. ರಸೀದಿ ಅಂತ ಕೊಟ್ಟಿದ್ದು ಬಿಳಿ ಹಾಳೆ, ಕೆಳಗೆ ಕಾಲೇಜಿನ ಹೆಸರಿನ ರಬ್ಬರ್ ಸೀಲು. ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡ್, ಟಿಸಿ ಎಲ್ಲ ಒರಿಜಿನಲ್ ತಗೊಂಡ.

ಹತ್ತು ತಿಂಗಳು ರಿಜಿಸ್ಟರ್ ನಂಬರ್ ಬರಲೇ ಇಲ್ಲ. ಕೇಳಿದಾಗೆಲ್ಲ ‘ಬರ್ತದೆ, ಗಡಿಬಿಡಿ ಮಾಡ್ಬೇಡ’. ಕೊನೆಗೆ ವಾಟ್ಸಾಪಿನಲ್ಲಿ ಪರೀಕ್ಷೆಯ ಟೈಮ್ ಟೇಬಲ್ ಕಳಿಸಿದ. ರಜೆ ಹಾಕಿ ಸಂಜೆ ಪಂಚಗಂಗಾ ರೈಲು ಹತ್ತಿದೆ, ರಾತ್ರಿಯಿಡೀ ಅನಾಟಮಿ ಗೈಡ್ ಓದುತ್ತಾ ಬೆಂಗಳೂರಿಗೆ ಹೋದೆ. ಕಾಲೇಜಿನ ಕ್ಲರ್ಕ್ ರಿಜಿಸ್ಟರಿನಲ್ಲಿ ಎರಡು ಸಲ ಬೆರಳಾಡಿಸಿ ನೋಡಿದರು. ನನ್ನ ಹೆಸರಿಲ್ಲ. ಕಪಾಟು ತೆಗೆದರೆ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟಿನಲ್ಲಿ ನನ್ನ ಮಾರ್ಕ್ಸ್ ಕಾರ್ಡ್ ಸಿಕ್ಕಿತು. ಮೇಲೆ ಏಜೆಂಟನ ಹೆಸರು, ‘ಬಾಕಿ 60,000’ ಅಂತ ಚೀಟಿ. ಅಡ್ಮಿಶನ್ನೇ ಆಗಿಲ್ಲವಂತೆ, ಆದರೆ ಬಾಕಿ ಕಟ್ಟಿದರೆ ಮಾತ್ರ ಕಾಗದ ವಾಪಸಂತೆ. ಯಾವ ಲೆಕ್ಕವೋ ದೇವರಿಗೇ ಗೊತ್ತು. ಅದೇ ಕಟ್ಟಿನಲ್ಲಿ ಶಿರಸಿಯ ಒಬ್ಬ ಹುಡುಗಿ, ಹೊನ್ನಾವರದ ಒಬ್ಬ ಹುಡುಗನ ಕಾಗದಗಳೂ ಇದ್ದವು. ಅವರಿಬ್ಬರೂ ಹೊರಗೆ ಬೆಂಚಿನ ಮೇಲೆ ನನ್ನ ಹಾಗೇ ಹಾಲ್ ಟಿಕೆಟ್‌ಗೆ ಕಾಯುತ್ತಿದ್ದರು.

ಪೊಲೀಸ್ ದೂರು ಕೊಟ್ಟೆ. ಹೆಂಡತಿಗೆ ಬಂದ ದುಡ್ಡು ಕೈಸಾಲ ವಾಪಸ್ ಕೊಟ್ಟಿದ್ದು ಅಂತ ಏಜೆಂಟ್ ಹೇಳಿದ. ಮಾಮ ನಾಲ್ಕು ಸಲ ಅಲೆದ ಮೇಲೆ 40,000 ಬಂತು. ದೂರಿನ ಪ್ರತಿ ತೋರಿಸಿದ ಮೇಲೆ ಕಾಲೇಜಿನವರು ಮಾರ್ಕ್ಸ್ ಕಾರ್ಡ್ ಕೊಟ್ಟರು, ಟಿಸಿ ಕಳೆದುಹೋಗಿದೆ ಅಂದರು.

ಹಾಗಾಗಿ ಮೊದಲು ಕಾಲೇಜಿಗೇ ಹೋಗಿ, ಅಲ್ಲಿ ಓದುತ್ತಿರುವವರನ್ನು ಗೇಟಿನ ಹೊರಗೆ ನಿಲ್ಲಿಸಿ ಮಾತಾಡಿಸಿ, ಪ್ರಾಕ್ಟಿಕಲ್‌ಗೆ ಯಾವ ಆಸ್ಪತ್ರೆಗೆ ಪೋಸ್ಟಿಂಗ್ ಹಾಕ್ತಾರೆ ಅಂತ ಕೇಳಿ. ಉತ್ತರ ತಡವರಿಸಿದರೆ ಬಂದ ಬಸ್ಸಿಗೇ ವಾಪಸ್ ಹತ್ತಿ. ಜಿಎನ್ಎಂ ಪರೀಕ್ಷೆ ನಡೆಸೋದು ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ, ಬಿಎಸ್ಸಿಯಾದರೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ. ಕಾಲೇಜಿನ ಹೆಸರು ಅಲ್ಲಿದೆಯಾ ಅಂತ ನೀವೇ ವಿಚಾರಿಸಿ. ದುಡ್ಡು ಕಾಲೇಜಿನ ಖಾತೆಗೆ ಮಾತ್ರ. ಒರಿಜಿನಲ್ ಕೊಡಲೇಬೇಕಾದರೆ ಪಡೆದಿದ್ದೇವೆ ಅಂತ ಬರೆಸಿಕೊಳ್ಳಿ. ಜಿಎನ್ಎಂಗೆ ವಯಸ್ಸಿನ ಮಿತಿ 35, ಹಾಗಾಗಿ 29ಕ್ಕೆ ‘ಇವತ್ತೇ ಕಟ್ಟದಿದ್ರೆ ವಯಸ್ಸು ಹೋಯ್ತು’ ಅಂದರೆ ಹೆದರಬೇಡಿ. ಬಿಎಸ್ಸಿ ಬೇಕೇ ಬೇಕು ಅನ್ನುವವರಿಗೆ ಜಿಎನ್ಎಂ ಆದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಇದೆ. ಅಂದಹಾಗೆ, ಅಂಗಡಿ ಮಾಳಿಗೆಯಲ್ಲಿ ನಡೆಯುವ ಒಂದು ವರ್ಷದ ‘ನರ್ಸಿಂಗ್ ಡಿಪ್ಲೊಮಾ’ ಮಾಡಿದರೆ ನರ್ಸಿಂಗ್ ಕೌನ್ಸಿಲಿನಲ್ಲಿ ನರ್ಸ್ ಅಂತ ನೋಂದಣಿ ಆಗೋಲ್ಲ.

ನಾನು ಈಗ ಹುಬ್ಬಳ್ಳಿಯಲ್ಲಿ ಜಿಎನ್ಎಂ ಮೊದಲ ವರ್ಷ. ಕೆಲಸ ಬಿಟ್ಟೆ, ಬಳೆ ಇನ್ನೂ ಬಿಡಿಸಿಲ್ಲ. ಅಡ್ಮಿಶನ್ ದಿನ ಮೇಡಂ ನನ್ನ ಮಾರ್ಕ್ಸ್ ಕಾರ್ಡನ್ನು ಎರಡು ನಿಮಿಷವೂ ನೋಡಲಿಲ್ಲ. ‘ನೈಟ್ ಡ್ಯೂಟಿ ಮಾಡ್ತೀಯಾ?’ ಅಂತಷ್ಟೇ ಕೇಳಿದರು.

ಹೊನ್ನಾವರದ ಹುಡುಗ ಮಾತ್ರ ಬಾಕಿ 60,000 ಕಟ್ಟಿದರೆ ಮುಂದಿನ ಪರೀಕ್ಷೆಗೆ ಕೂರಿಸ್ತಾರೆ ಅಂತಲೇ ನಂಬಿದ್ದಾನೆ. ಎಷ್ಟು ಹೇಳಿದರೂ ‘ಅಕ್ಕಾ, ನನ್ನ ಮಾರ್ಕ್ಸಿಗೆ ಬೇರೆ ಎಲ್ಲಿ ಸಿಗ್ತದೆ’ ಅಂತಾನೆ. ಅವನದ್ದು 44. ಪರಿಚಯದವರು ಯಾರಾದರೂ ಇದ್ದರೆ ಅವನಿಗೆ ಸ್ವಲ್ಪ ಹೇಳಿ.