ಓದಿಸೋಕೆ ಓಕೆ, ಹೆಸರಿಡೋಕೆ ಬೇಡ (ಐದಕ್ಕೆ ಎರಡೂವರೆ ಸ್ಟಾರ್)

ಅಪಾರ್ಟ್‌ಮೆಂಟ್ ಎಸ್‌ಟಿಪಿಯ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಕೆಸರಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾ ಯಾವುದು ಅಂತ ತಿಳಿಯೋಕೆ ಬೆಂಗಳೂರಿನ ಒಂದು ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರ ಓದುವ) ಲ್ಯಾಬ್‌ಗೆ ಕೊಟ್ಟಿದ್ದೆ. ಲ್ಯಾಬ್ ಹೆಸರು ಬೇಡ ಬಿಡಿ.

ಬ್ಯಾಕ್ಟೀರಿಯಾ ಬೆಳೆಸುವ ಆರ್2ಎ ಪ್ಲೇಟ್ ಮೇಲೆ ಎರಡನೇ ದಿನ ಸಾಸಿವೆಗಿಂತ ಚಿಕ್ಕ ಕಾಲೊನಿ ಎದ್ದಿತ್ತು, ಹಲಸಿನ ತೊಳೆಯ ಬಣ್ಣ. ನಾಲ್ಕು ಸಲ ಮತ್ತೆ ಮತ್ತೆ ಹೊಸ ಪ್ಲೇಟ್ ಮೇಲೆ ಗೀರಿ (ಸ್ಟ್ರೀಕ್ ಮಾಡಿ), ಬೇರೆ ಯಾವುದೂ ಬೆರೆತಿಲ್ಲ ಅಂತ ಖಾತ್ರಿಯಾದ ಮೇಲೆ ಕಳಿಸಿದೆ. ಪಿಕಪ್ ಸಮಯಕ್ಕೆ ಸರಿಯಾಗಿ ಬಂತು, ಐಸ್ ಪ್ಯಾಕ್ ಕೂಡ ಅವರದೇ. ಇಲ್ಲಿಯವರೆಗೆ ದೂರಿಲ್ಲ.

ಒಂಬತ್ತು ದಿನಕ್ಕೆ ರಿಪೋರ್ಟ್ ಬಂತು. 16ಎಸ್ ಅನ್ನೋ, ಬ್ಯಾಕ್ಟೀರಿಯಾ ಗುರುತಿಸೋಕೆ ನೋಡುವ ಜೀನ್‌ನಲ್ಲಿ ಹತ್ತಿರದ ಸಂಬಂಧಿಯ ಜೊತೆ ಹೋಲಿಕೆ 97.8%, 'ಹೊಸ ಪ್ರಭೇದ ಇರಬಹುದು' ಅಂತ ದಪ್ಪ ಅಕ್ಷರದಲ್ಲಿ. ನಾನಂತೂ ಹಾರಾಡಿಬಿಟ್ಟೆ. ಅಮ್ಮ ಮಾತ್ರ 'ಕೊಚ್ಚೇಲಿ ಹುಟ್ಟಿದ್ದಕ್ಕೂ ನಾಮಕರಣಾನಾ?' ಅಂದರು.

ರಾತ್ರಿ ಕೂತು ಎಬಿ1 ಫೈಲ್ (ಮೆಷಿನ್ ಓದಿದ್ದರ ಮೂಲ ಗ್ರಾಫ್) ತೆರೆದೆ. ಶುರುವಿನ ಗೆರೆಗಳು ಒಂದರ ಮೇಲೊಂದು ಬಿದ್ದಿವೆ. 700 ಅಕ್ಷರ ದಾಟಿದ ಮೇಲೆ ನೆನೆದ ಹಪ್ಪಳದ ಹಾಗೆ ಚಪ್ಪಟೆ, ಅಕ್ಷರ ಇರಬೇಕಾದ ಕಡೆಯೆಲ್ಲ ಬರೀ 'ಎನ್', ಅಂದರೆ ಮೆಷಿನ್‌ಗೇ ಗೊತ್ತಾಗಿಲ್ಲ, ಅದನ್ನೂ ಸೇರಿಸಿ ಹೋಲಿಕೆ ಲೆಕ್ಕ ಹಾಕಿದ್ದಾರೆ! 16ಎಸ್ ಜೀನ್ ಸುಮಾರು 1500 ಅಕ್ಷರ ಉದ್ದ. ಇವರು ಓದಿದ್ದು ಒಂದೇ ಕಡೆಯಿಂದ. ಮತ್ತೆ ದುಡ್ಡು ಕೊಟ್ಟು ಇನ್ನೊಂದು ಕಡೆಯಿಂದಲೂ ಓದಿಸಿದೆ. ಕೆಟ್ಟ ತುದಿಗಳನ್ನು ಕತ್ತರಿಸಿ, ಎರಡನ್ನೂ ಜೋಡಿಸಿ ಈಜ್‌ಬಯೋಕ್ಲೌಡ್ ಅನ್ನೋ ಆನ್‌ಲೈನ್ ಡೇಟಾಬೇಸ್‌ಗೆ ಹಾಕಿದರೆ 99.6%. ಈಗಾಗಲೇ ಹೆಸರಿರುವ ಒಂದು ಕ್ರೈಸಿಯೋಬ್ಯಾಕ್ಟೀರಿಯಂ ಪ್ರಭೇದ.

16ಎಸ್ ಹೋಲಿಕೆ 98.7%ಗಿಂತ ಕೆಳಗಿದ್ದರೆ ಹೊಸದಿರಬಹುದು ಅಂತ ಅನುಮಾನ ಪಡಬಹುದು, ಅಷ್ಟೇ. ಮೇಲಿದ್ದರೆ ಹಳೆಯದೇ ಅಂತಲೂ ಅಲ್ಲ. ಪೂರ್ತಿ ಜೀನೋಮ್ (ಅದರ ಎಲ್ಲ ಡಿಎನ್‌ಎ) ಓದಿಸಿ ಎಎನ್ಐ, ಅಂದರೆ ಎರಡು ಜೀನೋಮ್‌ಗಳ ಸರಾಸರಿ ಹೋಲಿಕೆ, ನೋಡಬೇಕು, ಅದು 95-96%ಗಿಂತ ಕಡಿಮೆ ಬಂದರೆ ಮಾತು ಬೇರೆ. ಆಮೇಲೂ ಜೀವಂತ ತಳಿಯನ್ನು ಎರಡು ದೇಶಗಳ ಕಲ್ಚರ್ ಕಲೆಕ್ಷನ್‌ಗಳಲ್ಲಿ (ತಳಿಗಳನ್ನು ಕಾಪಿಡುವ ಸಂಗ್ರಹ) ಇಡಬೇಕು, ಜರ್ನಲ್‌ನಲ್ಲಿ ವಿವರ ಬರಬೇಕು. ಒಂದು ಜೀನಿನ ಅರ್ಧ ತುಂಡು ನೋಡಿ ಇವರು ದಪ್ಪ ಅಕ್ಷರ ಬಳಸಿದ್ದು ಸ್ವಲ್ಪ ಜಾಸ್ತಿನೇ ಆಯ್ತು ಅಲ್ವಾ?

ನೀವು ಕೊಡೋದಾದರೆ ಎರಡೂ ಕಡೆಯಿಂದ ಓದುವ ಪ್ಯಾಕೇಜನ್ನೇ ತಗೊಳ್ಳಿ, ಎಬಿ1 ಫೈಲ್ ಕೇಳಿ ಪಡೆಯಿರಿ. ಹೆಸರು ಹುಡುಕುವ ಎಕ್ಸ್‌ಟ್ರಾ ಚಾರ್ಜ್ ಸುಮ್ನೆ ದಂಡ. ಜೀನೋಮ್ ಕೈಯಲ್ಲಿದ್ದರೆ ಜರ್ಮನಿಯ ಡಿಎಸ್‌ಎಂಝಡ್ ಅನ್ನೋ ಕಲ್ಚರ್ ಕಲೆಕ್ಷನ್‌ನವರ ಟಿವೈಜಿಎಸ್ ವೆಬ್‌ಸೈಟ್ ಬಿಟ್ಟಿಯಾಗೇ ಹೋಲಿಸಿ ಕೊಡುತ್ತದೆ.

ದೂರು ಬರೆದದ್ದಕ್ಕೆ ಲ್ಯಾಬಿನವರು ಮುಂದಿನ ಸ್ಯಾಂಪಲ್‌ಗೆ 10% ಡಿಸ್ಕೌಂಟ್ ಅಂದಿದ್ದಾರೆ. ಅದೇ ಕೆಸರಿನ ಗುಲಾಬಿ ಬಣ್ಣದ್ದೊಂದು ಫ್ರಿಜ್ಜಿನಲ್ಲಿದೆ. ಅದನ್ನು ಬೇರೆ ಕಡೆ ಕಳಿಸುತ್ತೇನೆ.