‘ಶಾಕ್ ಹೋಗಿದೆ ಸಾರ್’ ಅಂದಾಕ್ಷಣ ದುಡ್ಡು ಬಿಚ್ಚಬೇಡಿ

ಹ್ಯಾಚ್‌ಬ್ಯಾಕ್ ಕಾರು. ಹಾಳು ರಸ್ತೆಯಲ್ಲಿ ನಿಧಾನಕ್ಕೆ ಹೋದರೆ ಮುಂದಿನ ಚಕ್ರದ ಕಡೆಯಿಂದ ಕಟಕಟ ಸದ್ದು. ಗ್ಯಾರೇಜಿನಲ್ಲಿ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿದರು, ಸದ್ದು ಹೋಗಲಿಲ್ಲ. ಆಮೇಲೆ ಸ್ಟ್ರಟ್ ಮೌಂಟ್ (ಶಾಕ್ ಮತ್ತು ಸ್ಪ್ರಿಂಗಿನ ಜೋಡಿಯಾದ ಸ್ಟ್ರಟ್ಟನ್ನು ಮೇಲೆ ಬಾಡಿಗೆ ಹಿಡಿಸುವ ಭಾಗ), ಆಮೇಲೆ ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು). ಕೊನೆಗೆ ನೋಡಿದರೆ ಎಡಗಡೆ ಸ್ಟೆಬಿಲೈಜರ್ ಲಿಂಕಿನ ಮೇಲಿನ ಬಾಲ್ ಜಾಯಿಂಟ್ (ಗುಂಡಿನ ಕೀಲು) ಸವೆದಿತ್ತು, ಅಷ್ಟೇ. ಕಳಚಿಟ್ಟ ಹಳೇ ಶಾಕ್‌ಗಳಲ್ಲಿ ಎಣ್ಣೆ ಸೋರಿದ ಗುರುತೂ ಇರಲಿಲ್ಲ.

ಸ್ಟೆಬಿಲೈಜರ್ ಬಾರ್ ಅಂದರೆ ತಿರುವಿನಲ್ಲಿ ಕಾರು ವಾಲುವುದನ್ನು ತಗ್ಗಿಸುವ, ಅಗಲವಾದ ‘ಯು’ ಆಕಾರದ ಸ್ಪ್ರಿಂಗ್ ಸ್ಟೀಲ್ ಸರಳು. ನಡುಭಾಗ ಎರಡು ರಬ್ಬರ್ ಬುಷ್‌ಗಳಲ್ಲಿ ಸಬ್‌ಫ್ರೇಮಿಗೆ (ಕಾರಿನ ಕೆಳಗಿನ ಚೌಕಟ್ಟು) ಕೂತಿರುತ್ತದೆ, ತುದಿಗಳು ಲಿಂಕ್ ಎಂಬ ಪುಟ್ಟ ಕಡ್ಡಿಯ ಮೂಲಕ ಸ್ಟ್ರಟ್‌ಗೋ ಲೋಯರ್ ಆರ್ಮ್‌ಗೋ ಸೇರುತ್ತವೆ. ಎರಡೂ ಚಕ್ರ ಒಟ್ಟಿಗೆ ಎದ್ದರೆ ಸರಳು ಬುಷ್‌ನೊಳಗೆ ಸುಮ್ಮನೆ ಹೊರಳುತ್ತದೆ. ಒಂದೇ ಚಕ್ರ ಎದ್ದಾಗ ಮಾತ್ರ ತಿರುಚಿಕೊಂಡು ಲಿಂಕನ್ನು ಎಳೆಯುತ್ತದೆ. ಹಾಗಾಗಿ ಒಂದೇ ಹಂಪನ್ನು ಒಮ್ಮೆ ನೇರವಾಗಿ, ಒಮ್ಮೆ ಓರೆಯಾಗಿ ದಾಟಿ. ನೇರಕ್ಕೆ ಸುಮ್ಮನಿದ್ದು ಓರೆಗೆ ಬಡಿದರೆ ಮೊದಲ ಅನುಮಾನ ಲಿಂಕ್ ಮೇಲೆ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಟಕ್ ಅಂದರೆ ಸ್ಟ್ರಟ್ ಮೌಂಟಿನ ಬೇರಿಂಗ್ ನೋಡಿಸಿ.

ಒಂದೇ ಕಡೆ ಜಾಕ್ ಕೊಟ್ಟು, ಲಿಂಕ್ ಅಲ್ಲಾಡಿಸಿ, ‘ಗಟ್ಟಿಯಾಗೇ ಇದೆ’ ಅಂದರೆ ನಂಬಬೇಡಿ. ಒಂದು ಚಕ್ರ ನೇತಾಡುವಾಗ ತಿರುಚಿದ ಸರಳು ಲಿಂಕನ್ನು ಬಿಗಿಹಿಡಿದಿರುತ್ತದೆ, ಸಡಿಲ ಕೈಗೆ ಸಿಗುವುದೇ ಇಲ್ಲ. ಎರಡೂ ಚಕ್ರ ಒಂದೇ ಮಟ್ಟದಲ್ಲಿರಬೇಕು. ಆಗಲೂ ಗೊತ್ತಾಗದಿದ್ದರೆ ಎರಡೂ ಲಿಂಕ್ ಕಳಚಿ, ಸರಳಿನ ತುದಿಗಳು ಟಯರಿಗಾಗಲಿ ಬ್ರೇಕ್ ಹೋಸಿಗಾಗಲಿ ತಗಲದಂತೆ ಕಟ್ಟಿ, ಖಾಲಿ ರಸ್ತೆಯಲ್ಲಿ 20 ಕಿಮೀ ವೇಗ ಮೀರದೆ ಓಡಿಸಿ ನೋಡಬಹುದು. ಕೆಲವು ಕಡೆ ಲಿಂಕ್ ಮತ್ತೆ ಹಾಕದೆ ಹಾಗೇ ಬಿಟ್ಟು ‘ಸದ್ದು ಹೋಯ್ತಲ್ಲ’ ಎಂದು ಗಾಡಿ ಕೈಗೆ ಕೊಡುತ್ತಾರೆ. ಅಂಥ ಗಾಡಿ ಹೈವೇಯಲ್ಲಿ ಸಟ್ಟನೆ ಪಕ್ಕಕ್ಕೆ ಎಳೆದಾಗ ಹೇಗೆ ವಾಲುತ್ತದೆ ಅನ್ನುವುದು ಓಡಿಸುವವರಿಗೇ ಗೊತ್ತಾಗಬೇಕು.

ಅದೇ ಕಾರಿನಲ್ಲಿ ಹೊಸ ಲಿಂಕ್ ಕೂಡ ಒಂದು ಮಳೆಗಾಲ ದಾಟಲಿಲ್ಲ. ಇಂಪ್ಯಾಕ್ಟ್ ಗನ್ನಿನಲ್ಲಿ ನಟ್ ಬಿಗಿದಿದ್ದರು. ಬಾಲ್ ಜಾಯಿಂಟಿನ ಪಿನ್ ಗರಗರ ತಿರುಗಿ, ಅದನ್ನು ಮುಚ್ಚುವ ರಬ್ಬರ್ ಬೂಟ್ ಹರಿದು, ಒಳಗೆ ಕೆಸರು ನೀರು ಹೋಗಿತ್ತು. ಪಿನ್ನಿನ ತುದಿಯನ್ನು ಅಲೆನ್ ಕೀಯಲ್ಲಿ ಹಿಡಿದು ಕೈ ಸ್ಪ್ಯಾನರಿನಲ್ಲೇ ನಟ್ ತಿರುಗಿಸಬೇಕು, ಕೊನೆಯ ಬಿಗಿತ ಮ್ಯಾನುಯಲ್ ಹೇಳಿದ ಟಾರ್ಕ್‌ಗೆ (ತಿರುಗಿಸುವ ಬಲದ ಅಳತೆ). ಹಳೇ ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್) ಮತ್ತೆ ಹಾಕಿಸಬೇಡಿ.

ಬುಷ್ ಕೊಳ್ಳುವಾಗ ‘ಎಲ್ಲಾ ವೇರಿಯಂಟಿಗೂ ಒಂದೇ’ ಅನ್ನುವ ಮಾತಿಗೆ ಮಾರುಹೋಗಬೇಡಿ. ಸರಳನ್ನು ವರ್ನಿಯರಿನಲ್ಲಿ ಅಳೆಯಿರಿ. 22 ಮಿಮೀ ಸರಳಿಗೆ 24 ಮಿಮೀ ಬುಷ್ ಹಾಕಿದರೆ ಮೊದಲ ದಿನದಿಂದಲೇ ಬಡಿತ. ಸರಳನ್ನೇ 24ಕ್ಕೆ ಏರಿಸೋಣ ಅನ್ನುವವರು ತಿಳಿಯಬೇಕಾದ್ದು, ಬಿಗುವು ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ: ಎರಡೇ ಮಿಲಿಮೀಟರಿಗೆ ಸುಮಾರು 40% ಹೆಚ್ಚು. ಮುಂದೆ ಮಾತ್ರ ಹೀಗೆ ಮಾಡಿದರೆ ತಿರುವಿನಲ್ಲಿ ಕಾರಿನ ಮೂಗು ಹೊರಕ್ಕೆ ಓಡುತ್ತದೆ. ಬುಷ್ ಕಿರುಗುಟ್ಟಿದರೆ ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ. ಹಚ್ಚಲೇಬೇಕಾದರೆ ಸಿಲಿಕೋನ್ ಗ್ರೀಸ್.

ಬಿಲ್ ಕಟ್ಟುವ ಮುಂಚೆ ಹಳೇ ಲಿಂಕ್ ಕೇಳಿ ಪಡೆಯಿರಿ, ಪಿನ್ನನ್ನು ಬೆರಳಲ್ಲಿ ಆಡಿಸಿ. ಬಿಗಿಯಾಗಿ ತಿರುಗಿದರೆ ಅದು ಇನ್ನೂ ಚೆನ್ನಾಗಿದೆ. ತನ್ನ ಭಾರಕ್ಕೇ ಜೋತುಬಿದ್ದರೆ ಬದಲಿಸಿದ್ದು ಸರಿ.